ನಗದೆ ಎದ್ದವರಿಗೆ ಕುಕ್ಕರ್

ಕರೆಂಟ್ ಹೋಗಬಹುದಿತ್ತು. ಜನರೇಟರ್ ಮುನಿಸಿಕೊಳ್ಳಬಹುದಿತ್ತು. ಸಂಪಾಜೆಯಿಂದ ಬರುವ ಸ್ಪರ್ಧಿಯ ಬಸ್ಸು ಘಾಟಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಕೇಬಲ್ ಮೇಲೆ ಕೊಂಬೆ ಬಿದ್ದು ಅರ್ಧ ಮಡಿಕೇರಿಗೆ ಕಾರ್ಯಕ್ರಮ ಕಾಣದೆ ಹೋಗಬಹುದಿತ್ತು. ಕಂಡ ಅರ್ಧ ಮಡಿಕೇರಿ ಫೋನ್ ಮಾಡಿ ಬೈಯಬಹುದಿತ್ತು. ಸ್ಪರ್ಧಿ ಕೂತ ಸ್ಟೂಲು ಮುರಿಯಬಹುದಿತ್ತು. ಇಷ್ಟನ್ನೂ ನಾನು ಪ್ರತಿ ಶನಿವಾರ ಮಧ್ಯಾಹ್ನ ಅನ್ನದ ಜೊತೆಗೇ ಕಲಸಿಕೊಂಡು ತಿನ್ನುತ್ತಿದ್ದೆ.

ಶ್ರೀಪತಿ ಮೇಷ್ಟ್ರಿಗೆ ಇಂಥ ಯಾವ ಕಾಟವೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಾಳಿಗೆಯಲ್ಲಿ ನಮ್ಮ ಪುಟ್ಟ ಕೇಬಲ್ ಚಾನೆಲ್. ಅದನ್ನು ನಡೆಸುತ್ತಿದ್ದವನು ನಾನು. ಜನ ಅದನ್ನು ನೋಡುವಂತೆ ಮಾಡಿದವರು ಅವರು. ನಾಪೋಕ್ಲಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಯಾರ ದನಿಯನ್ನು ಒಮ್ಮೆ ಕೇಳಿದರೂ ಅದು ಅವರ ಗಂಟಲಲ್ಲಿ ಮನೆ ಮಾಡುತ್ತಿತ್ತು. ಕೊಡವ ಅಜ್ಜನಾಗಲಿ, ಮಲಯಾಳಿ ಕಾಕನಾಗಲಿ, ಅರೆಭಾಷೆಯಲ್ಲಿ ಗದರುವ ಅತ್ತೆಯಾಗಲಿ, ಮುಖ ಕದಲಿಸದೆ ಹೊರಗೆ ಬಿಡುತ್ತಿದ್ದರು. ಸ್ವಲ್ಪ ತಗ್ಗಿಸಿ ಸಾರ್ ಎಂದವರಿಗೆ, "ಕೊಡಗು ಬೇರೆ ರಾಜ್ಯ ಆಗಿದ್ದಾಗ ಹುಟ್ಟಿದವನು ನಾನು. ನೀವೆಲ್ಲ ಬರೀ ಜಿಲ್ಲೆಯವರು, ಸುಮ್ನಿರಿ" ಎನ್ನುತ್ತಿದ್ದರು.

ಆಟ ಸರಳ. ಸ್ಪರ್ಧಿ ಸ್ಟೂಲಿನ ಮೇಲೆ ಕೂರಬೇಕು, ಮೇಷ್ಟ್ರು ಎದುರು ನಿಂತು ಮಾತಾಡಬೇಕು, ಸುತ್ತ ಕೂತ ಜನ ನೋಡಬೇಕು, ಎಲ್ಲ ನೇರಪ್ರಸಾರ; ಭಾನುವಾರ ಅದನ್ನೇ ಮತ್ತೆ ಹಾಕುತ್ತಿದ್ದೆವು. ಗಂಟೆ ಹೊಡೆಯುವವರೆಗೆ ನಗದೆ ಕೂತರೆ ಪ್ರೆಶರ್ ಕುಕ್ಕರ್. ವರ್ಷ ಕಳೆದರೂ ಕುಕ್ಕರ್ ಮೇಜಿನಿಂದ ಇಳಿದಿರಲಿಲ್ಲ. "ಅದು ಇಳಿದ ದಿನ ನಾನೂ ಇಳೀತೀನಿ" ಎಂದು ಮೇಷ್ಟ್ರು ಕ್ಯಾಮೆರಾ ನೋಡಿಯೇ ಹೇಳಿಬಿಟ್ಟಿದ್ದರು.

"ನಗಿಸೋಕೆ ಜೋಕ್ ಬೇಡ ಕಣೋ," ಎಂದು ನನಗೆ ಪಾಠ ಹೇಳುತ್ತಿದ್ದರು. "ಮನುಷ್ಯ ಯಾರಿಗೆ ಹೆದರ್ತಾನೆ ನೋಡ್ಕೊ. ಅವರನ್ನ ತಂದು ಎದುರಿಗೆ ನಿಲ್ಸು."

ಒಮ್ಮೆ ತೋಟದ ಆಳು-ಲೆಕ್ಕ ನೋಡುವ ಒಬ್ಬ ಎಸ್ಟೇಟ್ ರೈಟರ್ ಬಂದಿದ್ದ. ಲೈನ್ ಮನೆಗಳ ಆಳುಗಳೆಲ್ಲ ಕಂಡರೆ ನಡುಗುತ್ತಿದ್ದ ಮನುಷ್ಯ. ಮೇಷ್ಟ್ರು ಅವನ ಸಾಹುಕಾರರ ದನಿ ತೆಗೆದದ್ದೇ ತಡ, ಅವನು ಸ್ಟೂಲಿನಿಂದ ಎದ್ದು ಕೈಕಟ್ಟಿ ನಿಂತ. ಆಮೇಲೆ ತಾನು ನಿಂತಿರುವುದು ತನಗೇ ತಿಳಿದು ನಕ್ಕ. ಸೋಮವಾರದಿಂದ ಕಾಫಿ ಪಿಕ್ಕಿಂಗ್‌ಗೆ ಬಂದ ಹೆಂಗಸರೆಲ್ಲ ಅವನು ಬಂದಾಗ ಕೈಕಟ್ಟಿ ನಿಲ್ಲತೊಡಗಿದರಂತೆ. ತಿಂಗಳೊಳಗೆ ಬೇರೆ ತೋಟ ಹುಡುಕಿಕೊಂಡ.

ನನ್ನ ದನಿಯನ್ನೂ ಬಿಟ್ಟಿರಲಿಲ್ಲ. "ಕರೆಂಟ್ ಹೋದ್ರೆ ಸಾರ್? ಜನರೇಟರ್ ಹೋದ್ರೆ? ನಾನೇ ಹೋದ್ರೆ?" ಇದನ್ನು ಮನೆಯಲ್ಲಿ ನೋಡಿದ ನನ್ನ ಹೆಂಡತಿ, ನಿಮಗಿಂತ ಈ ಮೇಷ್ಟ್ರ ಜೊತೆ ಸಂಸಾರ ಎಷ್ಟು ಸಲೀಸು ಎಂದಳು.

ಹೀಗಿರುವಾಗ ಕುಶಾಲನಗರದ ಕಡೆಯಿಂದ ಜಯಮ್ಮ ಬಂದರು. ಗಂಡ ಶಿವಣ್ಣ ನಾಪೋಕ್ಲು ರೂಟಿನ ಬಸ್ ಕಂಡಕ್ಟರ್ ಆಗಿದ್ದವರು, ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಈಕೆ ನಕ್ಕಿರಲಿಲ್ಲ. ನೆರೆಮನೆಯವರು ಅದನ್ನೇ ಯೋಗ್ಯತೆ ಎಂದು ತಿಳಿದು, "ಕುಕ್ಕರ್ ಇವಳಿಗೇ ಕಟ್ಟಿಟ್ಟದ್ದು" ಎಂದು ತಳ್ಳಿಕೊಂಡು ಬಂದಿದ್ದರು.

ಮೇಷ್ಟ್ರು ಎಲ್ಲ ದನಿ ತೆಗೆದರು. ಜಯಮ್ಮ ಸುಮ್ಮನೆ ಕೂತಿದ್ದರು. ಮೇಷ್ಟ್ರ ಹಣೆಯಲ್ಲಿ ನಾನು ಮೊದಲ ಸಲ ಬೆವರು ಕಂಡೆ. ಆಗ ಅವರು ಕಂಕುಳಿಗೆ ಇಲ್ಲದ ಚೀಲ ಸಿಕ್ಕಿಸಿಕೊಂಡು ಒಂದು ಕೈ ಮೇಲಕ್ಕೆತ್ತಿ ಕಂಬಿ ಹಿಡಿದರು. ಇಪ್ಪತ್ತು ವರ್ಷ ಆ ಬಸ್ಸಿನಲ್ಲೇ ಶಾಲೆಗೆ ಓಡಾಡಿದವರಲ್ಲವೇ.

"ಒಳಗೆ ಹೋಗಿ, ಒಳಗೆ ಹೋಗಿ. ಒಳಗೆ ಬೇಕಾದಷ್ಟು ಜಾಗ ಇದೆ. ಅಜ್ಜೀ, ಕೋಳಿಗೆ ಟಿಕೆಟ್ ಯಾರು ತಗೋತಾರೆ?"

ಶಿವಣ್ಣನೇ. ಜಯಮ್ಮ ಸೆರಗು ಬಾಯಿಗೊತ್ತಿಕೊಂಡರು. ತಡೆಯಲಾಗದೆ, ಭುಜ ಕುಣಿಸಿಕೊಂಡು ನಕ್ಕರು. ಚಪ್ಪಾಳೆ. ಮೇಷ್ಟ್ರು ಕುಕ್ಕರಿನ ತಲೆ ಸವರಿದರು.

ಆದರೆ ಜಯಮ್ಮ ಏಳಲಿಲ್ಲ.

"ಆಯ್ತಮ್ಮ, ಏಳಿ. ಮುಂದಿನವರು ಬರ್ಬೇಕು."

"ಅವರ ದನೀಲಿ ಹೇಳಿ ಸಾರ್, ಏಳ್ತೀನಿ."

ನಾನು ಕ್ಯಾಮೆರಾದ ಹಿಂದಿನಿಂದ ಗಡಿಯಾರ ತೋರಿಸಿದೆ. ಮೇಷ್ಟ್ರು ಒಂದು ಗಳಿಗೆ ನನ್ನ ಕಡೆ ನೋಡಿ, ಶಿವಣ್ಣನ ದನಿಯಲ್ಲೇ ಹೇಳಿದರು: "ಇಳೀರಿ ಜಯಮ್ಮ. ನಿಮ್ಮ ಸ್ಟಾಪ್ ಬಂತು."

ಆಕೆ ಎದ್ದು, ಮೆಟ್ಟಿಲಿಳಿದು ಹೋದರು. ಸಭೆ ಬಿದ್ದು ಬಿದ್ದು ನಕ್ಕಿತು.

ಮುಂದಿನ ಶನಿವಾರ ಮೇಷ್ಟ್ರು ಕಾರ್ಯಕ್ರಮ ಶುರು ಮಾಡಿದ್ದೇ ಜಯಮ್ಮನ ದನಿಯಲ್ಲಿ. "ಅವರ ದನೀಲಿ ಹೇಳಿ ಸಾರ್, ಏಳ್ತೀನಿ." ಆ ಸೆರಗು, ಆ ತಗ್ಗಿದ ಕತ್ತು, ಎಲ್ಲ ಹಾಗೇ. ನಾನೂ ನಕ್ಕೆ. ಆಮೇಲೆ ಪ್ರತಿ ವಾರವೂ ಅದೇ ಮಂಗಳಾಚರಣೆ. ಸಂತೆಯಲ್ಲಿ ಹುಡುಗರು ಆಕೆಯ ಹಿಂದೆ ಅದನ್ನೇ ಹೇಳಿಕೊಂಡು ಹೋಗುತ್ತಿದ್ದರಂತೆ.

ಮೇಷ್ಟ್ರು ಮತ್ತು ನಾನು ಕೊನೆಯ ಸಲ ಮಾತಾಡಿದ್ದು ಸ್ಟೂಲು ಎತ್ತಿಡುವಾಗ. "ಆಯಮ್ಮ ಟಿವಿ ನೋಡ್ತಾಳೇನೋ?" ಎಂದರು.

"ಗೊತ್ತಿಲ್ಲ ಸಾರ್."

"ಕುಕ್ಕರ್ ಕಳಿಸಿಬಿಡೋಣ ಅಂತ ಒಂದೊಂದ್ಸಲ ಅನ್ಸುತ್ತೆ." ಸ್ಟೂಲು ಗೋಡೆಗೊರಗಿಸಿ, "ಬೇಡ ಬಿಡು. ಕಳಿಸಿದ್ರೆ ನಾನು ಸೋತ ಹಾಗಾಗುತ್ತೆ."

ಆ ವಾರವೇ, ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಹೋಗಿಬಿಟ್ಟರು. ಆಟವೂ ನಿಂತಿತು.

ತಿಥಿ ಕಳೆದ ಮೇಲೆ ಜಯಮ್ಮ ಮಾಳಿಗೆ ಹತ್ತಿ ಬಂದರು. ಕುಕ್ಕರ್ ಕೊಡಹೋದೆ, ಅದರ ಕಡೆ ನೋಡಲಿಲ್ಲ.

"ಭಾನುವಾರ ಮತ್ತೆ ಹಾಕ್ತಿದ್ರಲ್ಲ ಸಾರ್, ಅಂದ್ರೆ ಕ್ಯಾಸೆಟ್ ಇರ್ಬೇಕು. ನಮ್ಮನೆಯವರು ಮಾತಾಡಿದ್ದು ಒಂದ್ಸಲ ಹಾಕಿ."

ಹಾಕಿದೆ. ಪರದೆಯ ಮೇಲೆ ಮೇಷ್ಟ್ರು ಸೆರಗು ಹೊದ್ದಂತೆ ಮಾಡಿ ಕತ್ತು ತಗ್ಗಿಸಿದರು. "ಅವರ ದನೀಲಿ ಹೇಳಿ ಸಾರ್, ಏಳ್ತೀನಿ." ಆಮೇಲೆ ಚಪ್ಪಾಳೆ.

"ಇದು ನಾನು," ಎಂದರು ಜಯಮ್ಮ. ಬೇಸರವಿಲ್ಲದೆ. "ಮುಂದೆ ಓಡ್ಸಿ. ನಾನು ಹೀಗಂದ ಮೇಲೆ ಅವರು ಮಾತಾಡ್ತಾರೆ."

ಕೊನೆಯವರೆಗೂ ಓಡಿಸಿದೆ. ಆಕೆ ಸ್ಟೂಲಿನ ಮೇಲೆ ಕೂತು ಕಾದರು.

ಅಷ್ಟು ಶನಿವಾರಗಳಲ್ಲಿ ಕರೆಂಟ್ ಹೋಗಲಿಲ್ಲ. ಜನರೇಟರ್ ಕೈಕೊಡಲಿಲ್ಲ, ಕೊಂಬೆ ಬೀಳಲಿಲ್ಲ, ಸ್ಟೂಲು ಈಗಲೂ ಗಟ್ಟಿಯಾಗಿದೆ. ಆದದ್ದು ಇಷ್ಟೇ: ನಮ್ಮಲ್ಲಿ ಇದ್ದದ್ದು ಒಂದೇ ಕ್ಯಾಸೆಟ್; ಪ್ರತಿ ವಾರ ಹೊಸದನ್ನು ಅದರ ಮೇಲೆಯೇ ತುಂಬುತ್ತಿದ್ದೆವು.