ತಂದೂರಿನ ಅಂಚಿನಲ್ಲಿ ಜಾಝ್

ಒಂದೂರಿನಲ್ಲಿ ಹಾಡುಗಳೆಲ್ಲ ಕರಿ ತಟ್ಟೆಗಳೊಳಗೆ ಮಲಗಿಬಿಟ್ಟಿದ್ದವಂತೆ. ಮೈಮೇಲೆ ಧೂಳು ಕೂತು ಕೂತು, ಮುಟ್ಟಿದರೆ ಬರೀ ಗೊರಕೆ ಕೇಳಿಸುತ್ತಿತ್ತಂತೆ. ಆಗ ಒಬ್ಬ ಹೆಂಗಸು ಕೋಳಿ ಕೂಗುವ ಮುಂಚೆ ಎದ್ದು, ಒಂದೊಂದಕ್ಕೂ ಮುಖ ತೊಳೆಸಿ ಎಬ್ಬಿಸತೊಡಗಿದಳಂತೆ. ಅಜ್ಜಿಯರ ಬಾಯಲ್ಲಾದರೆ ಇದು ಕತೆ. ಆದರೆ ಆ ಹೆಂಗಸು ನಿಜ. ಊರು ತಾಷ್ಕೆಂಟ್, ಹೆಸರು ಸೊಲಿಹಾ. ದೊಡ್ಡವರು ಚಿಕ್ಕವರೆನ್ನದೆ ಬೀದಿಯವರೆಲ್ಲ ಅಕ್ಕನೆಂದು 'ಓಪಾ' ಅನ್ನುತ್ತಾರೆ.

ದ್ರಾಕ್ಷಿ ಚಪ್ಪರದ ಕೆಳಗೆ ನೀರು ಚಿಮುಕಿಸಿ ಧೂಳು ಅಡಗಿಸಿಯಾಗಿದೆ. ಬೀದಿ ಗುಡಿಸುವವರು ಬರುವ ಮುಂಚೆ ಕೆಲಸ ಮುಗಿಯಬೇಕು. ಉಗುರುಬೆಚ್ಚಗಿನ ನೀರಲ್ಲಿ, ಮೇಕೆಕೂದಲಿನ ಕುಂಚದಿಂದ ಅವರು ಗ್ರಾಮಫೋನ್ ರೆಕಾರ್ಡು ತೊಳೆಯುತ್ತಾರೆ. ಆಮೇಲೆ ಬಡಗಿಯ ಅಂಟನ್ನು ತೆಳ್ಳಗೆ ಬಳಿದು ಒಣಗಲು ಬಿಡುತ್ತಾರೆ. ಒಣಗಿದ್ದನ್ನು ಹಾಲಿನ ಕೆನೆಯಂತೆ ಎತ್ತಿ ಸುಲಿದರೆ, ಗೆರೆಯೊಳಗೆ ಕೂತಿದ್ದ ಕೊಳೆಯೆಲ್ಲ ಅದರ ಬೆನ್ನಿಗೇ ಬರುತ್ತದೆ.

ಯೌವನವನ್ನು ಅವರು ಕಳೆದದ್ದು ರೆಕಾರ್ಡು ಅಚ್ಚುಹಾಕುವ ಕಾರ್ಖಾನೆಯಲ್ಲಿ. ಕಾರ್ಖಾನೆ ಮುಚ್ಚಿತು. ಕೆಲಸ ಹುಡುಕಿಕೊಂಡು ಹೋದ ಗಂಡ ಮರಳಲಿಲ್ಲ. ಸೊಲಿಹಾ ಬಸ್ ನಿಲ್ದಾಣದಲ್ಲಿ, ನಮ್ಮ ಸಮೋಸಾದಂಥ ಮಾಂಸದ ಸೋಮ್ಸಾ ಮಾರಲು ಕೂತರು. ಒಮ್ಮೆ ಬೀಗ ರಿಪೇರಿಯ ಎರ್ಗಾಶ್, ಸೋಮ್ಸಾದ ಕೊಬ್ಬು ಸೋರುವ ಕೈಯಲ್ಲೇ ಚೀಲದಿಂದ ರೆಕಾರ್ಡು ತೆಗೆದು ಯಾರಿಗೋ ತೋರಿಸುತ್ತಿದ್ದರಂತೆ. ಓಪಾಗೆ ತಡೆಯಲಾಗಲಿಲ್ಲ. ಕಿತ್ತುಕೊಂಡು ತಲೆವಸ್ತ್ರದ ತುದಿಯಿಂದ, ಗೆರೆ ಸುತ್ತುವ ಕಡೆಗೇ ಒರೆಸಿಕೊಟ್ಟರು. ಅದೇ ವಾರ ಎರ್ಗಾಶರ ಗೆಳೆಯರೆಲ್ಲ ತಮ್ಮ ರೆಕಾರ್ಡು ಹೊತ್ತು ಈ ಅಂಗಳಕ್ಕೆ ಬಂದರು.

ಅದು ಜಾಝ್ ಹುಚ್ಚರ ಬಳಗ. ಭಾನುವಾರ ಬೆಳಿಗ್ಗೆ ನಿವೃತ್ತ ದಂತವೈದ್ಯ ಗೆರ್ಮನ್ ಪಾಕ್ ಅವರ ಮನೆಯಲ್ಲಿ ಸೇರುತ್ತಾರೆ. ಕಟ್ಟಳೆ ಒಂದೇ. ತನಗೆ ಜೀವದಷ್ಟು ಇಷ್ಟವಾದದ್ದನ್ನೇ ತರಬೇಕು. ಎಲ್ಲರೂ ಕೇಳಿದ ಮೇಲೆ ಬೇರೊಬ್ಬರು ಅದನ್ನು ವಾರದ ಮಟ್ಟಿಗೆ ಮನೆಗೊಯ್ಯಬೇಕು.

ಈ ಬೇಸಿಗೆಯಲ್ಲಿ ಪಾಕ್ ತಮ್ಮ ಟ್ರಂಪೆಟ್ ರೆಕಾರ್ಡನ್ನು ಎರ್ಗಾಶರ ಕೈಗಿತ್ತರು. ಹಿಂದೊಂದು ಚಳಿಗಾಲ ಮೈಮೇಲಿನ ಕೋಟನ್ನೇ ಬಿಚ್ಚಿಕೊಟ್ಟು ತಂದದ್ದು ಅದು. ಎರ್ಗಾಶ್ ದಾರಿಯಲ್ಲಿ ಕರಬೂಜ ಆರಿಸಲು ಇಳಿದರು. ತಟ್ಟಿ ನೋಡಿ, ಮೂಸಿ ನೋಡಿ ಮರಳುವಷ್ಟರಲ್ಲಿ ಕಾರಿನ ಹಿಂದಿನ ಗಾಜಿನಡಿ ಇದ್ದ ರೆಕಾರ್ಡು ಬಿಸಿಲಿಗೆ ಬಟ್ಟಲಾಗಿತ್ತು.

ಪಾಕ್ ಬೈಯಲಿಲ್ಲ. ಮುಂದಿನ ಭಾನುವಾರ ತಮ್ಮದೇನನ್ನೂ ಹೊರಗೆ ತೆಗೆಯಲಿಲ್ಲ, ಅಷ್ಟೇ. ಉಳಿದವರೂ ಕಳೆದುಹೋದರೆ ನೋವಾಗದಂಥದ್ದನ್ನು ತರತೊಡಗಿದರು. ಚಹಾ ಇತ್ತು, ಮಾತಿತ್ತು, ಮನೆಗೊಯ್ಯುವ ಆಸೆ ಮಾತ್ರ ಯಾರಿಗೂ ಇರಲಿಲ್ಲ.

ಎರ್ಗಾಶ್ ಆ ಬಟ್ಟಲನ್ನು ಓಪಾ ಮುಂದಿಟ್ಟರು. ಅಳು ಬಂದರೂ ತಮಾಷೆ ಬಿಡುವ ಮನುಷ್ಯನಲ್ಲ.

"ಓಪಾ, ಇದ್ರಲ್ಲಿ ಪಲಾವ್ ಬಡಿಸ್ಬಹುದು ನೋಡಿ."

"ಕರಬೂಜ ಆರ್ಸೋಕೆ ಗೊತ್ತು, ನೆರಳು ಆರ್ಸೋಕೆ ಗೊತ್ತಿಲ್ಲ ನಿಂಗೆ. ಇಟ್ಟು ಹೋಗು. ನೆಟ್ಟಗೆ ಮಾಡ್ತೀನಿ."

ಓಪಾ ಪಾಕ್ ಅವರಿಗೂ ಅದೇ ಮಾತು ಕೊಟ್ಟುಬಂದರು. ನೆಟ್ಟಗಾದರೂ ಇನ್ನು ಯಾರಿಗೂ ಕೊಡುವುದಿಲ್ಲ ಅಂದರಂತೆ ಅವರು. ಅದು ನಿಮ್ಮಿಷ್ಟ, ನೆಟ್ಟಗೆ ಮಾಡೋದು ನನ್ನ ಕೆಲಸ ಅಂದರಂತೆ ಇವರು.

ಅಲ್ಲಿಂದ ದಿನಾ ಬೆಳಿಗ್ಗೆ ರೊಟ್ಟಿ ತೆಗೆದಾದ ಮೇಲೆ, ತಂದೂರಿನ ಮಣ್ಣಂಚಿನ ಮೇಲೆ ಅಂಗೈ ಇಟ್ಟು ಕಾಯುತ್ತಾರೆ. ಕೈ ಒಂದು ಉಸಿರು ತಾಳುವಷ್ಟು ಬಿಸಿ ಉಳಿದಾಗ ಎರಡು ದಪ್ಪ ಗಾಜಿನ ನಡುವೆ ರೆಕಾರ್ಡು ಇಟ್ಟು, ಹತ್ತಿ ಕೌದಿ ಹೊದಿಸುತ್ತಾರೆ. ಆತುರಪಟ್ಟು ಬಿಸಿ ಹೆಚ್ಚಿಸಿದರೆ ಗೆರೆಯೇ ಮಲಗಿಬಿಡುತ್ತದೆ. ಒಮ್ಮೆ ಆಯಿತೆಂದುಕೊಂಡು ಎರ್ಗಾಶರ ಗ್ರಾಮಫೋನಿನಲ್ಲಿ ಹಾಕಿದರೆ ಟ್ರಂಪೆಟ್ ಬಿಕ್ಕಳಿಸಿತು. ಮತ್ತೆ ಮೊದಲಿಂದ. ಪಕ್ಕದ ಮನೆಯವರು ಗೋಡೆಯಾಚೆಯಿಂದ, ಓಪಾ ಈ ರೊಟ್ಟಿ ಇನ್ನೂ ಬೇಯ್ಲಿಲ್ವಾ ಎಂದು ಛೇಡಿಸುತ್ತಾರೆ. ಓಪಾ ನಗುತ್ತಾರೆ. "ಕಾರ್ಖಾನೇಲಿ ಸೊಟ್ಟಗಿದ್ದನ್ನ ಪುಡಿ ಮಾಡೋಕೆ ಹಾಕ್ತಿದ್ವಿ," ಎನ್ನುತ್ತಾರೆ, ಅಂಗಳದಲ್ಲಿ ಕೂತು ಇದನ್ನೆಲ್ಲ ನೋಡುತ್ತಿರುವ ನನಗೆ, "ಇದನ್ನ ಹಾಕೋಕೆ ಮನಸ್ಸು ಬರ್ಲಿಲ್ಲ."

ಚಪ್ಪರದ ಎಲೆ ಹಳದಿಯಾಗುವ ಹೊತ್ತಿಗೆ, ಒಂದು ಭಾನುವಾರ, ರೆಕಾರ್ಡನ್ನು ಎದೆಗವಚಿಕೊಂಡು ಓಪಾ ತಾವೇ ಪಾಕ್ ಅವರ ಮನೆಗೆ ಹೊರಡುತ್ತಾರೆ. ಇಷ್ಟು ವರ್ಷ ತೊಳೆದುಕೊಟ್ಟರೂ ಆ ಕೋಣೆಯಲ್ಲಿ ಕೂತು ಕೇಳಿದವರಲ್ಲ. ಬಾಗಿಲ ಪಕ್ಕ ಜಾಗ ಮಾಡಿಕೊಡುತ್ತಾರೆ. ಸೂಜಿ ಇಳಿಯುತ್ತದೆ. ಅಂಚಿನಲ್ಲಿ ಒಂದು ಸಣ್ಣ ಅಲೆ, ಸೂಜಿ ದೋಣಿಯಂತೆ ಎದ್ದಿಳಿಯುತ್ತದೆ. ಆಮೇಲೆ ಟ್ರಂಪೆಟ್ ಏಳುತ್ತದೆ, ಉದ್ದಕ್ಕೆ, ಎಲ್ಲೂ ತಡವರಿಸದೆ. ಎರ್ಗಾಶ್ ಕಣ್ಣೆತ್ತಿ ನೋಡುವುದಿಲ್ಲ.

ಎರಡೂ ಬದಿ ಮುಗಿದ ಮೇಲೆ, ಈ ವಾರ ಇದನ್ನು ಮನೆಗೊಯ್ಯುವವರು ಯಾರು ಎಂದು ಕೇಳಬೇಕಾದ ಹೊತ್ತು. ಎಲ್ಲರೂ ಚಹಾ ಬಟ್ಟಲು ನೋಡುತ್ತಾರೆ. ಓಪಾ ಮಾತ್ರ ನೇರ ಮನೆಯ ಯಜಮಾನರ ಮುಖ ನೋಡಿ, ಅಣ್ಣನೆಂದು ಕರೆದು ಹೇಳುತ್ತಾರೆ: "ಗೆರ್ಮನ್ ಅಕಾ, ನನ್ನ ಕೆಲ್ಸ ಆಯ್ತು."

ಪಾಕ್ ರೆಕಾರ್ಡನ್ನು ಹೊದಿಕೆಗೆ ಸೇರಿಸುತ್ತಾರೆ. ಅಂಚನ್ನೊಮ್ಮೆ ಬೆರಳಲ್ಲಿ ಸವರುತ್ತಾರೆ. ಆಮೇಲೆ ಎದ್ದು ಕೋಣೆಯ ಆ ಬದಿಗೆ ನಡೆದು, ಎರಡೂ ಕೈಯಲ್ಲಿ ಅದನ್ನು ಎರ್ಗಾಶರ ಮಡಿಲಿಗಿಡುತ್ತಾರೆ.

"ಈ ವಾರ ನಿಂದೇ ಸರದಿ."