ಅವರೆಕಾಯಿ ಗಾಡಿಯವರೆಗೆ

ಪೀಣ್ಯದಲ್ಲಿ ಊಟದ ಮೆಸ್ ನಡೆಸಿ ಮನೆ ಕಟ್ಟಿಸಿದವಳು ನಾನು. ಅಕ್ಕಿಯಿಂದ ಸಿಮೆಂಟಿನವರೆಗೆ ಯಾವುದನ್ನೂ ಮೊದಲು ಹೇಳಿದ ಬೆಲೆಗೆ ಕೊಂಡಿಲ್ಲ. ಎರಕದ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮಾಡಿ ಮಾಡಿ, ಆ ಧೂಳು ಕುಡಿದು ನಮ್ಮ ಯಜಮಾನರ ಶ್ವಾಸಕೋಶ ಗಟ್ಟಿಯಾದಾಗ, ನೋವು-ಸಂಕಟ ಇಳಿಸುವ ಉಪಶಾಮಕ ಆರೈಕೆಯ ಡಾಕ್ಟರಮ್ಮನ ಹತ್ತಿರವೂ ಚೌಕಾಸಿಗೇ ಕೂತೆ.

“ಎಷ್ಟು ವರ್ಷ ಕೊಡ್ತೀರ ಮೇಡಂ?”

“ವರ್ಷ ನನ್ನ ಕೈಲಿಲ್ಲಮ್ಮ. ಈ ಕಾಯಿಲೆ ವಾಸಿಯಾಗಲ್ಲ. ಏದುಸಿರು ಕಮ್ಮಿ ಮಾಡ್ಬೋದು. ಅವ್ರಿಗೇನು ಬೇಕು ಅಂತ ಕೇಳಿದ್ದೀರಾ?”

ಕೇಳಿರಲಿಲ್ಲ. ಅವರ ಉಸಿರು ಉಳಿಸಲೆಂದು ಬೆನ್ನುಜ್ಜುವುದರಿಂದ ಹಿಡಿದು ನೆಂಟರಿಗೆ ಉತ್ತರ ಕೊಡುವವರೆಗೆ ಎಲ್ಲವನ್ನೂ ನಾನೇ ಮಾಡುತ್ತಿದ್ದೆ. ಆರು ತಿಂಗಳಿಂದ ಅವರು ಹೊಸಿಲು ದಾಟಿರಲಿಲ್ಲ.

ಅಂದು ಕೇಳಿದೆ. “ಅವರೆಕಾಯಿ,” ಎಂದರು. ಉಸಿರು ತೆಗೆದುಕೊಂಡು, “ನಾನೇ ಹೋಗಿ ತರ್ಬೇಕು.”

“ನಾನು ತರ್ತೀನಿ ಬಿಡ್ರೀ.”

“ನೀನು ತರೋದು ಬರೀ ಸಿಪ್ಪೆ ಕಣೇ.”

ಮದುವೆಯಾದಾಗಿನಿಂದ ನಮ್ಮನೆಗೆ ಅವರೆಕಾಯಿ ತರುವವರು ಅವರೇ. ನಾನು ಎಂದಾದರೂ ತಂದರೆ ಮೂಸಿ, ಸೊಗಡಿಲ್ಲವೆಂದು ಪಕ್ಕಕ್ಕೆ ತಳ್ಳುತ್ತಿದ್ದರು. ಕಾಯಿ ಮಾರುವ ಗಾಡಿ ನಿಲ್ಲುವುದು ಬೀದಿಯ ತುದಿಯಲ್ಲಿ, ನಮ್ಮ ಬಾಗಿಲಿನಿಂದ ಇನ್ನೂರು ಹೆಜ್ಜೆ.

ಡಾಕ್ಟರಮ್ಮನಿಗೆ ಇದನ್ನು ಹೇಳಿದೆ. ಅವರು ಮನೆಗೆ ಕಳಿಸಿದ ನರ್ಸಮ್ಮ ಆ ಇನ್ನೂರು ಹೆಜ್ಜೆಗಾಗಿ ಮೂರು ವಾರ ಅಭ್ಯಾಸ ಮಾಡಿಸಿದರು. ಮೂಗಿನಿಂದ ಉಸಿರೆಳೆದು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡಬೇಕು. ಏದುಸಿರು ಬಂದರೆ ಕೂತು, ಮುಖಕ್ಕೆ ಪುಟ್ಟ ಫ್ಯಾನು ಹಿಡಿದುಕೊಳ್ಳಬೇಕು. ಡಾಕ್ಟರಮ್ಮ ಬರೆದ ಮಾತ್ರೆ ಮಾರ್ಫಿನ್ ಎಂದು ತಿಳಿದಾಗ ನರ್ಸಮ್ಮನನ್ನು ಪಕ್ಕಕ್ಕೆ ಕರೆದೆ.

“ಅದು ಕೊನೇಲಿ ಕೊಡೋದಲ್ವಾ?”

“ಸಣ್ಣ ಡೋಸ್ ಅಕ್ಕ. ಏದುಸಿರಿನ ಸಂಕಟ ಇಳಿಸುತ್ತೆ, ಅಷ್ಟೇ,” ಎಂದರು ನರ್ಸಮ್ಮ.

ನಿಮಗೂ ಹೇಳುತ್ತೇನೆ, ಔಷಧಿಯ ಹೆಸರಿಗೆ ಹೆದರಿ ಮಾತ್ರೆಯನ್ನು ಬೀರುವಿನಲ್ಲಿ ಬಚ್ಚಿಡಬೇಡಿ. ನಾನು ಎರಡು ದಿನ ಬಚ್ಚಿಟ್ಟು, ಅವರು ಒದ್ದಾಡುವುದನ್ನು ನೋಡಿದ ಮೇಲೆ ಕೊಟ್ಟೆ.

ಭಾನುವಾರ ಬೆಳಿಗ್ಗೆ ಹೊರಟೆವು. ನನ್ನ ಒಂದು ಕೈಯಲ್ಲಿ ಚಕ್ರ ಕಟ್ಟಿದ ಸಣ್ಣ ಆಕ್ಸಿಜನ್ ಸಿಲಿಂಡರು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಸ್ಟೂಲು. ದಾರಿಯಲ್ಲಿ ಮೂರು ಸಲ ಕೂತರು. ಪಂಕ್ಚರ್ ಅಂಗಡಿಯವನು, “ಏನಣ್ಣ, ಮೆರವಣಿಗೆನಾ?” ಎಂದ. ಇವರು ನಕ್ಕರೇ ಹೊರತು ಮಾತಿಗೆ ಉಸಿರು ಖರ್ಚು ಮಾಡಲಿಲ್ಲ.

ಗಾಡಿಯ ಮುಂದೆ ನಾನು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದರು. ಒಂದು ಕಾಯಿ ತೆಗೆದು ಹೆಬ್ಬೆರಳಿನಲ್ಲಿ ಉಜ್ಜಿದರು. ಒಳ್ಳೆಯ ಸೊಗಡಿನ ಕಾಯಿಯಾದರೆ ಬೆರಳಿಗೆ ಎಣ್ಣೆಯಂಥ ಅಂಟು ಹತ್ತುತ್ತದೆ. ಮೂಸಲಾಗದಿದ್ದರೇನು, ಆಕ್ಸಿಜನ್ ನಳಿಕೆ ಇದ್ದದ್ದು ಮೂಗಿಗೆ, ಬೆರಳಿಗಲ್ಲವಲ್ಲ.

“ಮಾಗಡಿ ಕಾಯಿ ಅಣ್ಣ, ಕೇಜಿ ನೂರಿಪ್ಪತ್ತು,” ಎಂದಳು ಗಾಡಿಯಾಕೆ.

ಇವರು ತುಟಿ ಕಿರಿದು ಮಾಡಿ ಉಸಿರು ಬಿಡುತ್ತ ಅವಳನ್ನೇ ನೋಡುತ್ತಿದ್ದರು.

“ಮೊಕ ಅಂಗ್ ಮಾಡಬ್ಯಾಡಿ. ನೂರು ಕೊಡಿ.”

ಇನ್ನೊಂದು ಉದ್ದನೆಯ ಉಸಿರು.

“ಏನಣ್ಣ ನೀವು, ಒಳ್ಳೆ ಕಲ್ಲು ನಿಂತಂಗೆ ನಿಂತಿದ್ದೀರಲ್ಲ. ತಗಳಿ, ಎಂಬತ್ತು. ಇನ್ನು ಇಳಿಯಕ್ಕಿಲ್ಲ.”

“ಎರಡು ಕೇಜಿ,” ಎಂದರು ಇವರು.

ಮೂವತ್ತು ವರ್ಷ ಗಂಟಲು ಹರಿದುಕೊಂಡು ವ್ಯಾಪಾರ ಮಾಡಿದ ನನಗೆ ಆ ಬೆಲೆ ಸಿಗುತ್ತಿರಲಿಲ್ಲ. ನಾನು ಹೊರುತ್ತೇನೆಂದು ಕಾಯಿಯ ಚೀಲ ಕೇಳಿದೆ, ಇವರು ಕೊಡಲಿಲ್ಲ. ತಾವೇ ಎದೆಗವಚಿಕೊಂಡು, ನಾಲ್ಕು ಸಲ ಕೂತು ಎದ್ದು, ಮನೆ ಮುಟ್ಟಿದರು. ತುಟಿ ನೀಲಿಯಾಗಿದೆಯೇನೋ ಎಂದು ನಾನು ಮುಖ ನೋಡಿದರೆ ಅಲ್ಲಿ ಹುಡುಗನ ಹಾಗೆ ನಗು.

ಕಾಯಿ ಸುಲಿಯುತ್ತ ಹೇಳಿದರು: “ಗುರುವಾರ ಮತ್ತೆ ಹೋಗೋಣ. ನೀನು ಸಿಲಿಂಡರ್ ಎಳಿ, ಸಾಕು. ಬಾಯಿ ಮಾತ್ರ ತೆಗೀಬೇಡ.”