ಚಿಗವ್ವ ಹಾರಿಸಿದ ಪುಟಗಳು

...ಅಥವಾ ಅದು ಹುಣಸೆಹಣ್ಣಿನ ಕಾಲವೇ ಅಲ್ಲವೇನೋ. ನೆನೆಸಿಕೊಂಡಾಗಲೆಲ್ಲ ಪಡಸಾಲೆಯ ತುಂಬ ಹುಳಿ ವಾಸನೆ ಬರುತ್ತದೆ, ಅವ್ವ ಹಣ್ಣು ಕುಟ್ಟಿ ಬೀಜ ತೆಗೆಯುತ್ತಿರುತ್ತಾಳೆ. ಆದರೆ ಅದೇ ಚಿತ್ರದಲ್ಲಿ ಅಜ್ಜಿ ಕೌದಿ ಹೊದ್ದು ಕೂತಿದ್ದಾಳೆ. ಕೊಟ್ಟೂರಿನ ಬೇಸಿಗೆಯಲ್ಲಿ ಕೌದಿ ಹೊದೆಯುವವರು ಯಾರು? ಎರಡು ಬೇರೆ ಬೇರೆ ಮಧ್ಯಾಹ್ನಗಳನ್ನು ನಾನು ಒಂದಕ್ಕೊಂದು ಹೊಲಿದಿರಬೇಕು. ಹೊಲಿಗೆ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಸಿಟ್ಟು ಬರುವುದು ಅದಕ್ಕೇ.

ತೊಂಬತ್ತರ ದಶಕದ ಯಾವುದೋ ವರ್ಷ. ನಾನು ಹಡಗಲಿಯಲ್ಲಿ ಕಾಲೇಜು ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಮನೆಯಲ್ಲಿ ಅಜ್ಜಿ, ಅವಳ ಇಬ್ಬರು ಸೊಸೆಯರು. ದೊಡ್ಡ ಸೊಸೆ ನನ್ನ ಅವ್ವ, ಸಣ್ಣಾಕೆ ಚಿಗವ್ವ. ಅಜ್ಜಿಗೂ ಅವ್ವನಿಗೂ ಓದು ಬರುತ್ತಿರಲಿಲ್ಲ. ಚಿಗವ್ವನ ತವರು ಹರಪನಹಳ್ಳಿ. ಅಲ್ಲಿ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಅವಳ ತಮ್ಮ ಅಲ್ಲಿಂದ ಆಗಾಗ ಒಂದು ಪುಸ್ತಕವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದ. ಮಾರನೆಯ ದಿನ ಅದೇ ಬಸ್ಸಿಗೆ ಪುಸ್ತಕ ವಾಪಸ್ ಹೋಗಬೇಕು, ಇಲ್ಲವಾದರೆ ಮುಂದಿನದು ಬರುವುದಿಲ್ಲ.

ಹಾಗಾಗಿ ಚಿಗವ್ವ ಓದುವುದು, ಉಳಿದವರು ಅವಳ ಪಾಲಿನ ಕೆಲಸವನ್ನೂ ಮಾಡುತ್ತ ಕೇಳುವುದು. ಇದು ಮನೆಯ ಒಪ್ಪಂದ. ಓದುವ ಬಾಯಿಗೆ ಕೆಲಸವಿಲ್ಲ.

ಆ ಕಾದಂಬರಿಗಳು ಎಲ್ಲ ಒಂದೇ ಥರ. ಪ್ರೀತಿ ಮುಕ್ಕಾಲು, ರಹಸ್ಯ ಕಾಲು. ಅವನು ಅವಳನ್ನೇ ಮದುವೆಯಾಗುತ್ತಾನೆಂದು ಮೊದಲ ಪುಟದಲ್ಲೇ ಗೊತ್ತು, ಗೊತ್ತಿಲ್ಲದ್ದು ಯಾವುದೋ ಒಂದು ಸಣ್ಣ ಸಂಗತಿ ಮಾತ್ರ. ಇದರಲ್ಲಿ ಏನಿದೆ ಎಂದು ನಾನು ಮೂಗು ಮುರಿಯುತ್ತಿದ್ದೆ. ಕಥೆಯೇ ಇಲ್ಲದ ಕಥೆ ಬರೆಯಬೇಕೆಂದು ಹೊರಟವಳು ನಾನು. ಆದರೂ ಓದು ಶುರುವಾದರೆ ಪಡಸಾಲೆ ಬಿಟ್ಟು ಏಳುತ್ತಿರಲಿಲ್ಲ.

ತೊಂದರೆ ಬೇರೆ ಇತ್ತು. ಅತ್ತೆಯ ಎದುರಿಗೆ ಕೂತು ಪ್ರೀತಿಯ ಪುಟಗಳನ್ನು ಓದುವುದು ಹೇಗೆ? ನಾಯಕ ನಾಯಕಿ ಒಬ್ಬರಿಗೊಬ್ಬರು ಹತ್ತಿರ ಬಂದ ತಕ್ಷಣ ಚಿಗವ್ವ ಕೆಮ್ಮುತ್ತಿದ್ದಳು. ಬೆರಳು ತೇವ ಮಾಡಿಕೊಂಡು ಹಾಳೆ ತಿರುಗಿಸಿ, "ಆಮೇಲೆ ಬೆಳಗಾತು," ಎಂದು ಮುಂದಕ್ಕೆ ಹೋಗುತ್ತಿದ್ದಳು.

"ಏನಲೇ, ಎಕ್ಸ್‌ಪ್ರೆಸ್ ಬಸ್ ಆತಲ್ಲ ನಿಂದು," ಎಂದು ಅವ್ವ ಕಿಚಾಯಿಸುತ್ತಿದ್ದಳು. "ನಡುವಿನ ಸ್ಟಾಪಿನ್ಯಾಗ ನಿಂದರಂಗಿಲ್ಲೇನು?"

"ಅಲ್ಲಿ ಇಳಿಯೋರು ಯಾರಿದ್ದಾರೆ ಸುಮ್ಕಿರಕ್ಕ," ಎನ್ನುತ್ತಿದ್ದಳು ಚಿಗವ್ವ. ಅಜ್ಜಿ ಏನೂ ಕೇಳಿಸದವಳಂತೆ ಬೀಜ ಆರಿಸುತ್ತಿದ್ದಳು.

ನಾನು ಹೇಳಬೇಕಿರುವ ಕಾದಂಬರಿಯಲ್ಲಿ ಮಂಜು ಮುಸುಕಿದ ಒಂದು ಬೆಟ್ಟ, ಬೆಟ್ಟದ ಮೇಲೊಂದು ಬಂಗಲೆ. ಅಲ್ಲಿಗೆ ಸಂಗೀತ ಕಲಿಸಲು ಒಬ್ಬ ಹುಡುಗಿ ಬರುತ್ತಾಳೆ. ಮಾಳಿಗೆಯ ಮೇಲಿನ ಬೀಗ ಹಾಕಿದ ಕೋಣೆಯಲ್ಲಿ ದಿನಾ ಸಂಜೆ ಯಾರೋ ದೀಪ ಹಚ್ಚುತ್ತಾರೆ. ಯಾರೆಂದು ಮನೆಯವರಿಗೇ ಗೊತ್ತಿಲ್ಲ. ಅಜ್ಜಿಯ ಅನುಮಾನ ಅಡುಗೆಯವನ ಮೇಲೆ, ಅವ್ವನ ಅನುಮಾನ ನಾಯಕನ ಮೇಲೇ. ನನ್ನ ಅನುಮಾನವನ್ನು ನಾನು ಹೇಳಲಿಲ್ಲ. ಹೇಳಿದರೆ ನಾನೂ ಕೇಳುತ್ತಿದ್ದೇನೆಂದು ಒಪ್ಪಿಕೊಂಡಂತಾಗುತ್ತಿತ್ತು.

ಕೊನೆಯ ಅಧ್ಯಾಯದಲ್ಲಿ ಎಲ್ಲರೂ ಸೇರಿದ್ದಾರೆ. ದೀಪ ಹಚ್ಚುತ್ತಿದ್ದವಳು ನಾಯಕನ ಸೋದರತ್ತೆ, ಕುರ್ಚಿ ಬಿಟ್ಟು ಏಳಲಾರಳೆಂದು ಮನೆಯವರೆಲ್ಲ ನಂಬಿದ್ದ ಮುದುಕಿ ಎಂದು ನಾಯಕಿ ಬೆರಳು ತೋರಿಸುತ್ತಾಳೆ. ನಿನಗೆ ಹೇಗೆ ತಿಳಿಯಿತು ಎಂದು ನಾಯಕ ಕೇಳುತ್ತಾನೆ. ಚಿಗವ್ವ ಓದಿದಳು: "ಅಂದು ತೋಟದಲ್ಲಿ ನೀವೇ ಹೇಳಿದಿರಲ್ಲ, ಆಗಲೇ ನನಗೆ ಎಲ್ಲ ತಿಳಿದುಹೋಯಿತು."

ಕುಟ್ಟುವ ಸದ್ದು ನಿಂತಿತು.

"ತ್ವಾಟ?" ಎಂದಳು ಅಜ್ಜಿ. "ಇವರು ತ್ವಾಟಕ್ಕ ಯಾವಾಗ ಹೋಗಿದ್ರು?"

ಚಿಗವ್ವನ ಮುಖ ನೋಡುವಂತಿತ್ತು. "ಹೋಗಿದ್ರು ಅತ್ತೆ. ಸುಮ್ನೆ, ಗಾಳಿಗೆ."

"ಗಾಳಿಗೆ ಹೋದವ್ರು ಏನ್ ಮಾತಾಡಿದ್ರು?"

"ಹವಾ ಚೆನ್ನಾಗೈತೆ ಅಂದ್ರು."

"ಹವಾ ಚೊಲೊ ಐತಿ ಅಂದಿದ್ದಕ್ಕ ಆ ಮುದುಕಿ ಸಿಕ್ಕಿಬಿದ್ಲೇನು? ನನ್ನೇನು ಹುಚ್ಚಿ ಅಂತ ತಿಳಿದಿಯೇನು?"

ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಇಡೀ ಮಧ್ಯಾಹ್ನ ಕಾದ ಗುಟ್ಟು ಯಾವ ಪುಟಗಳಲ್ಲಿ ಇತ್ತೋ, ಸರಿಯಾಗಿ ಅವೇ ಪುಟಗಳನ್ನು ಇವಳು ಹಾರಿಸಿದ್ದಳು. ಬರೆದವರು ಸುಳಿವನ್ನು ಪ್ರೀತಿಯ ಮಾತಿನ ಒಳಗೇ ಅಡಗಿಸಿಟ್ಟಿದ್ದರು. ಒಂದನ್ನು ಬಿಟ್ಟು ಇನ್ನೊಂದನ್ನು ಓದಲು ಬರುವಂತಿರಲಿಲ್ಲ.

"ಕೊಡು, ನಾನು ಓದ್ತೀನಿ," ಎಂದು ಕೈ ಚಾಚಿದೆ.

"ಮದಿವಿ ಆಗದಿರೋ ಹುಡುಗಿ ನೀನು, ತೆಗಿ ಕೈ," ಎಂದು ಚಿಗವ್ವ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. ಹಡಗಲಿಯಲ್ಲಿ ನಾನು ಯಾವ ಯಾವ ಪುಸ್ತಕ ಓದುತ್ತಿದ್ದೆ ಎಂದು ಅವಳಿಗೆ ಗೊತ್ತಿದ್ದರೆ! ಹೇಳುವಂತೆಯೂ ಇರಲಿಲ್ಲ, ಕಿತ್ತುಕೊಳ್ಳುವಂತೆಯೂ ಇರಲಿಲ್ಲ.

ಕೊನೆಗೆ ದಾರಿ ಹುಡುಕಿದವಳು ಅಜ್ಜಿಯೇ. "ನಾ ಗ್ವಾಡಿ ಕಡಿ ಮಾರಿ ಮಾಡಿ ಕುಂದರ್ತೀನಿ. ನಾ ಇಲ್ಲಿ ಇಲ್ಲ ಅಂತ ತಿಳಕೊಂಡು ಓದು," ಎಂದು ನಿಜವಾಗಿಯೂ ಗೋಡೆಯ ಕಡೆ ತಿರುಗಿ ಕೂತಳು.

ಚಿಗವ್ವ ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಹುಡುಕಿದಳು. ಓದತೊಡಗಿದಳು. ಅವರಿಬ್ಬರೂ ತೋಟದಲ್ಲಿ ನಡೆಯುತ್ತಾರೆ. ಸೀತಾಫಲದ ಗಿಡದ ಕೆಳಗೆ ನಿಲ್ಲುತ್ತಾರೆ. ಅವನು ಒಂದು ಹಣ್ಣು ಬಿಡಿಸಿ ಅವಳ ಕೈಗಿಡುತ್ತಾನೆ. "ನಮ್ಮ ಅತ್ತೆ ದಿನಾ ಬೆಳಿಗ್ಗೆ ಆಳುಗಳು ಏಳುವ ಮೊದಲೇ ನನ್ನ ತಟ್ಟೆಗೆ ಇದೇ ಹಣ್ಣು ಇಟ್ಟಿರುತ್ತಾರೆ," ಎನ್ನುತ್ತಾನೆ. ತೋಟಕ್ಕೆ ಬಂದು ಹಣ್ಣು ಕೀಳಬಲ್ಲವಳು ಮಾಳಿಗೆ ಹತ್ತಲಾರಳೇ? ನಾಯಕಿಗೆ ಆಗಲೇ ಹೊಳೆಯಿತು.

"ಹಂಗನ್ನು ಮತ್ತ!" ಎಂದಿತು ಗೋಡೆಯ ಕಡೆಯ ದನಿ. ಅಜ್ಜಿಗೆ ಸಮಾಧಾನವಾಗಿತ್ತು. ಅವ್ವ ಮತ್ತೆ ಕುಟ್ಟತೊಡಗಿದಳು.

ನನಗೆ ಮಾತ್ರ ಆಗಲಿಲ್ಲ. ಮಂಜಿನ ಬೆಟ್ಟದಲ್ಲಿ ಸೀತಾಫಲ ಎಲ್ಲಿಂದ ಬಂತು? ಅದು ನಮ್ಮ ಕೂಡ್ಲಿಗಿ ಕಡೆಯ ಕಲ್ಲುಗುಡ್ಡದ ಗಿಡ. ಅಲ್ಲದೆ, ಆ ತೋಟದ ಭಾಗ ಓದುವಾಗ ಚಿಗವ್ವ ಹಾಳೆ ತಿರುಗಿಸಿದ್ದು ನನಗೆ ನೆನಪಿಲ್ಲ. ತಿರುಗಿಸಿದ್ದಳೋ ಏನೋ, ನಾನು ನೋಡುತ್ತಿದ್ದುದು ಅವಳ ಬಾಯಿಯನ್ನು. ಬರೆದವರೇ ಬೆಟ್ಟ ನೋಡದೆ ಸೀತಾಫಲ ಬೆಳೆದಿರಬಹುದು. ಅಥವಾ ಈಗ ಬರೆಯುತ್ತಿರುವ ನಾನೇ ಆ ಗಿಡ ನೆಟ್ಟಿರಬಹುದು.

ಪುಸ್ತಕ ಮರುದಿನದ ಬಸ್ಸಿಗೆ ಹೋಯಿತು. ಅದಕ್ಕೆ ಪೇಪರಿನ ರಟ್ಟು ಹಾಕಿದ್ದರು, ಮೊದಲ ಹಾಳೆಗಳು ಹರಿದಿದ್ದವು. ಹೆಸರು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಮುಂದೆ ನಾನು ಕಥೆ ಬರೆದೆ. ನಡುವೆ ಖಾಲಿ ಬಿಟ್ಟ, ಕಾರಣ ಹೇಳದ ಕಥೆಗಳು. ಆ ಮಧ್ಯಾಹ್ನದಿಂದಲೇ ಇದೆಲ್ಲ ಹುಟ್ಟಿತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಅದಕ್ಕೇ ನಾನು ಅದನ್ನು ನಂಬುವುದಿಲ್ಲ. ನಂಬುವುದು ಇಷ್ಟನ್ನೇ: ಗೋಡೆಗೆ ಮುಖ ಮಾಡಿದ ಮುದುಕಿಯೊಬ್ಬಳು 'ಹಂಗನ್ನು ಮತ್ತ' ಎನ್ನುವಂಥ ಒಂದು ಪುಟವನ್ನು ನಾನು ಇವತ್ತಿಗೂ ಬರೆದಿಲ್ಲ. ಬರೆಯಲು ಕೂತು ಹರಿದುಹಾಕಿದ್ದೇನೆ. ಸುಳಿವಿಗೂ ಪ್ರೀತಿಗೂ ಆ ಬೆಸುಗೆ ಹೇಗೆ ಹಾಕಿದ್ದರು ಎಂದು ಒಮ್ಮೆ ಕಣ್ಣಾರೆ ಓದಿದ್ದರೆ ಸಾಕಿತ್ತು.

ಎರಡು ಸಾವಿರದ ಆಚೆ, ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸಕ್ಕಿದ್ದಾಗ, ಸುತ್ತಲಿನ ಊರುಗಳಲ್ಲೆಲ್ಲ ಆ ಪುಸ್ತಕ ಹುಡುಕಿದೆ. ಹರಪನಹಳ್ಳಿಯ ಆ ಅಂಗಡಿಯಲ್ಲಿ ಸೀಡಿ ಬಾಡಿಗೆಗೆ ಕೊಡುತ್ತಿದ್ದರು. ಮೂಲೆಯಲ್ಲಿ ಉಳಿದಿದ್ದ ಪುಸ್ತಕಗಳನ್ನು ಕೆದಕುತ್ತ, ಬೆಟ್ಟದ ಮೇಲಿನ ಬಂಗಲೆಯ ಕಾದಂಬರಿ ಬೇಕು ಎಂದೆ. "ಮೇಡಂ, ಬೆಟ್ಟ ಇಲ್ಲದ್ದು ಯಾವುದಾರ ಇದ್ರೆ ಹೇಳ್ರಿ, ಹುಡುಕೋದು ಸಲೀಸು," ಎಂದ ಅಂಗಡಿಯವ.

ಚಿಗವ್ವನನ್ನೇ ಕೇಳಿದೆ. ಅಜ್ಜಿ ಆಗಲೇ ತೀರಿಹೋಗಿದ್ದಳು, ನನಗೂ ಮದುವೆಯಾಗಿತ್ತು, ಹೇಳಲು ಯಾವ ಅಡ್ಡಿಯೂ ಇರಲಿಲ್ಲ.

"ಆ ಸೀತಾಫಲ ಪುಸ್ತಕದಾಗ ಇತ್ತೋ, ನೀನ ಕಟ್ಟಿ ಹೇಳಿದಿಯೋ?"

"ಯಾವ ಸೀತಾಫಲ?" ಎಂದಳು. ಆಮೇಲೆ, "ಅದೆಲ್ಲ ಇರ್ಲಿ, ನಿನ್ನ ಕತೆ ಓದಿದೆ ಕಣವ್ವ. ಹಾರ್ಸಾಕೆ ಅಂತ ಒಂದು ಪುಟಾನೂ ಇಲ್ಲಲ್ಲ ಅದ್ರಾಗೆ," ಎಂದು ನಕ್ಕಳು.

ಅವಳು ನಿಜಕ್ಕೂ ಮರೆತಿದ್ದಳೋ, ಮರೆತವಳಂತೆ ನಟಿಸಿದಳೋ, ಮುಖ ನೋಡಿ ಹೇಳಲಾಗಲಿಲ್ಲ. ಅವರಿಬ್ಬರೂ ತೋಟಕ್ಕೆ ಹೋಗಿದ್ದರು, ಅಷ್ಟು ಗೊತ್ತು. ಅಲ್ಲಿ ಅವನು ಏನು ಹೇಳಿದ ಎಂಬುದು ನನಗೆ ಗೊತ್ತಿಲ್ಲ.